ನಿಂಬೆ ವಾಸನೆಯ ಫಿನಾಯಿಲ್ ಹಾಕಿ ನೆಲ ಒರೆಸಿದರೆ ಪಿಎಂ ಮೀಟರ್ ಯಾಕೆ ಏರುತ್ತದೆ?

ಮೂರನೇ ಮಹಡಿ ಕೇಳಿದ್ದು:

ನಮಸ್ಕಾರ. ನಮ್ಮದು ರಾಜರಾಜೇಶ್ವರಿ ನಗರದ ಆರ್ಚ್ ಹತ್ತಿರ ಬಾಡಿಗೆ ಮನೆ, ಮೂರನೇ ಮಹಡಿ. ಅಪ್ಪನಿಗೆ ವೀಸಿಂಗ್ ಇದೆ. ಧೂಳು, ಹೊಗೆಯಿಂದ ದೂರ ಇರಿ ಅಂತ ಡಾಕ್ಟರು ಹೇಳಿದ್ದಾರೆ. ಹಾಗಾಗಿ ಆನ್‌ಲೈನ್‌ನಲ್ಲಿ ಒಂದು ಸಣ್ಣ ಪಿಎಂ 2.5 ಮೀಟರ್ (ಗಾಳಿಯಲ್ಲಿ ತೇಲುವ 2.5 ಮೈಕ್ರಾನ್‌ವರೆಗಿನ ಸಣ್ಣ ಕಣ ಎಷ್ಟಿದೆ ಅಂತ ತೋರಿಸುವುದು) ತರಿಸಿ ಹಾಲ್‌ನಲ್ಲಿ ಟಿವಿ ಪಕ್ಕ ಇಟ್ಟಿದ್ದೇನೆ.

ಒಗ್ಗರಣೆ ಹಾಕಿದರೆ ಏರುತ್ತದೆ. ಊದುಬತ್ತಿ ಹಚ್ಚಿದರೆ ಏರುತ್ತದೆ. ಅದು ಸರಿ. ಆದರೆ ಮಧ್ಯಾಹ್ನ ಎರಡು ಗಂಟೆಗೆ ಕೆಲಸದ ಅಕ್ಕ ಬಂದು ನೆಲ ಒರೆಸುತ್ತಾರಲ್ಲ, ಆಗಲೂ ಏರುತ್ತದೆ. ಕಿಟಕಿಗಳೆಲ್ಲ ತೆರೆದಿರುತ್ತವೆ. ಒಲೆ ಆರಿರುತ್ತದೆ. ಗುಡಿಸುವ ಕೆಲಸ ಬೆಳಿಗ್ಗೆಯೇ ಮುಗಿದಿರುತ್ತದೆ. ಬಕೆಟ್‌ನಲ್ಲಿ ನೀರು, ಅದಕ್ಕೆ ಒಂದು ಮುಚ್ಚಳ ನಿಂಬೆ ವಾಸನೆಯ ನೆಲ ಒರೆಸುವ ದ್ರಾವಣ, ಅಷ್ಟೇ. 30ರ ಆಸುಪಾಸಿನಲ್ಲಿದ್ದ ಮೀಟರ್ 50 ದಾಟುತ್ತದೆ. ಸುಮಾರು ಒಂದು ಗಂಟೆ ಹಾಗೇ ಇದ್ದು ಆಮೇಲೆ ಇಳಿಯುತ್ತದೆ.

ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಧೂಳು ಕಡಿಮೆಯಾಗಬೇಕು ಅಲ್ವಾ? ಇಲ್ಲದ ಕಣ ಎಲ್ಲಿಂದ ಬಂತು? ಮೀಟರ್ ಕೆಟ್ಟಿದೆಯಾ?

ಸೋಲ್ಡರ್ ಕೈ:

ಮೀಟರ್ ಕೆಟ್ಟಿಲ್ಲ ಸಾರ್, ಅದು ಇರುವುದೇ ಹಾಗೆ. ಒಳಗೆ ಒಂದು ಪುಟ್ಟ ಫ್ಯಾನ್, ಒಂದು ಲೇಸರ್, ಬೆಳಕು ಗುರುತಿಸುವ ಒಂದು ಫೋಟೋಡಯೋಡ್. ಕಣಕ್ಕೆ ಬೆಳಕು ಬಡಿದು ಚದುರಿದ್ದನ್ನು ನೋಡಿ ಅದು ತೂಕ ಅಂದಾಜು ಮಾಡುತ್ತದೆ. ತೂಗುವುದೇ ಇಲ್ಲ. ಗಾಳಿಯಲ್ಲಿ ತೇವ ಜಾಸ್ತಿಯಾದರೆ ಇರುವ ಕಣಗಳೇ ನೀರು ಹೀರಿ ಊದಿಕೊಳ್ಳುತ್ತವೆ, ಜಾಸ್ತಿ ಬೆಳಕು ಚದುರಿಸುತ್ತವೆ. ಒರೆಸಿದ ನೆಲ ಒಣಗುವಾಗ ಹಾಲ್‌ನಲ್ಲಿ ತೇವ ಏರುತ್ತದೆ. ಮುಗೀತು.

ಪರೀಕ್ಷೆ ಸುಲಭ. ಒಂದು ದಿನ ಅದೇ ಹೊತ್ತಿಗೆ ಬರೀ ನೀರಲ್ಲಿ ಒರೆಸಿ ನೋಡಿ. ಇನ್ನೊಂದು ದಿನ ಅದೇ ದ್ರಾವಣ ಹಾಕಿ ಸಂಜೆ ಏಳರ ಮೇಲೆ ಒರೆಸಿ ನೋಡಿ. ಮೂರೂ ಸಲ ಒಂದೇ ಥರ ಏರಿದರೆ ತೇವದ್ದೇ ಆಟ.

ಮೂರನೇ ಮಹಡಿ:

ಮಾಡಿದೆ ಸಾರ್. ಬರೀ ನೀರಲ್ಲಿ ಒರೆಸಿದಾಗ ಮೀಟರ್ ಸ್ವಲ್ಪವೇ ಅಲುಗಾಡಿತು, ಒಂದೆರಡು ಅಂಕಿ. ಸಂಜೆ ದ್ರಾವಣ ಹಾಕಿ ಒರೆಸಿದಾಗ ಕೂಡ ಹೆಚ್ಚೇನೂ ಆಗಲಿಲ್ಲ. ಮಧ್ಯಾಹ್ನ ದ್ರಾವಣ ಹಾಕಿದಾಗ ಮಾತ್ರ ಹಳೇ ಥರವೇ ಏರಿತು. ಈಗ ಇನ್ನೂ ಗೊಂದಲ. ಒಂದೇ ಬಾಟಲಿ, ಒಂದೇ ನೆಲ. ಮಧ್ಯಾಹ್ನ ಒಂದು ಥರ, ಸಂಜೆ ಇನ್ನೊಂದು ಥರ ಯಾಕೆ?

ಬ್ಯೂಟನಾಲ್ ಅಜ್ಜಿ:

ನಿಮ್ಮ ಪ್ರಯೋಗ ನೋಡಿ ಖುಷಿಯಾಯಿತು. ಉತ್ತರ ಅದರಲ್ಲೇ ಇದೆ. ಮಧ್ಯಾಹ್ನ ಇದ್ದು ಸಂಜೆ ಇಲ್ಲದಿರುವುದು ಏನು? ಓಝೋನ್.

ಮೊದಲು ನಾನು ಯಾರು ಅಂತ ಹೇಳಿಬಿಡುತ್ತೇನೆ. ಕೆಲಸದಲ್ಲಿದ್ದಾಗ ಗಾಳಿಯ ಕಣ ಎಣಿಸುವ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದೆ. ವಿಜ್ಞಾನಿ ಅಲ್ಲ, ಟೆಕ್ನಿಷಿಯನ್. ಪಂಪು, ಪೈಪು, ಫಿಲ್ಟರು, ಬ್ಯೂಟನಾಲ್ ಬಾಟಲಿ ನನ್ನ ಪಾಲು. ಪೇಪರ್ ಬರೆಯುವುದು ಅವರ ಪಾಲು. ಈಗ ಮಲ್ಲೇಶ್ವರದಲ್ಲಿ ಮೊಮ್ಮಕ್ಕಳ ಜೊತೆ ಇದ್ದೇನೆ. ಬ್ಯೂಟನಾಲ್ ಘಾಟು ಸೀರೆಗೆ ಅಂಟಿದ್ದು ಒಗೆದರೂ ಹೋಗುತ್ತಿರಲಿಲ್ಲ, ಅದಕ್ಕೇ ಈ ಹೆಸರು.

ನಿಂಬೆ ವಾಸನೆ ಕೊಡುವ ವಸ್ತುವಿನ ಹೆಸರು ಲಿಮೋನೀನ್. ಕಿತ್ತಳೆ, ನಿಂಬೆ ಸಿಪ್ಪೆಯ ಎಣ್ಣೆಯಲ್ಲಿ ಇರುವುದು ಅದೇ. ನಾವು ಬಚ್ಚಲಿಗೆ ಹಾಕುವ ಬಿಳಿ ಫಿನಾಯಿಲ್‌ನಲ್ಲಿ ಪೈನ್ ಎಣ್ಣೆ ಇರುತ್ತದೆ, ಅದರಲ್ಲಿ ಟರ್ಪಿನಿಯಾಲ್. ಇವೆಲ್ಲ ಒಂದೇ ಕುಟುಂಬ. ಇವುಗಳಲ್ಲಿ ಎರಡು ಕಾರ್ಬನ್ ನಡುವೆ ಜೋಡಿ ಬಂಧ ಇರುತ್ತದೆ. ಓಝೋನ್‌ಗೆ ಆ ಜೋಡಿ ಬಂಧ ಕಂಡರೆ ಆಗದು, ಹೋಗಿ ಒಡೆಯುತ್ತದೆ. ಒಡೆದ ತುಂಡುಗಳಿಗೆ ಆಮ್ಲಜನಕ ಅಂಟಿಕೊಳ್ಳುತ್ತದೆ. ಒಂದಲ್ಲ, ಕೆಲವಕ್ಕೆ ಐದಾರು ಆಮ್ಲಜನಕ ಪರಮಾಣು ಕೂಡ. ಹಾಗೆ ಭಾರವಾದ ಅಣು ಅನಿಲವಾಗಿ ತೇಲಿಕೊಂಡು ಇರಲಾರದು. ಎಲ್ಲಾದರೂ ಕೂರಬೇಕು. ಗೋಡೆ ಸಿಕ್ಕರೆ ಗೋಡೆ, ಕಣ ಸಿಕ್ಕರೆ ಕಣ. ಏನೂ ಸಿಗದಿದ್ದರೆ ತಮ್ಮ ತಮ್ಮಲ್ಲೇ ಗುಂಪು ಕಟ್ಟಿಕೊಂಡು ಹೊಸ ಕಣ ಆಗುತ್ತವೆ.

ಓಝೋನ್ ನಿಮ್ಮ ಮನೆಯದ್ದಲ್ಲ, ಮೈಸೂರು ರಸ್ತೆಯದ್ದು. ವಾಹನದ ಹೊಗೆಯಲ್ಲಿ ನೈಟ್ರೋಜನ್ ಆಕ್ಸೈಡ್ ಇರುತ್ತದೆ. ಪೆಟ್ರೋಲ್ ಆವಿ, ಪೇಂಟ್ ಆವಿ, ಮರಗಳ ಆವಿ ಗಾಳಿಯಲ್ಲಿ ಇದ್ದೇ ಇರುತ್ತವೆ. ಬಿಸಿಲು ಬಿದ್ದಾಗ ಇವೆಲ್ಲ ಸೇರಿ ಓಝೋನ್ ಆಗುತ್ತದೆ. ಹಾಗಾಗಿ ಅದು ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಜಾಸ್ತಿ. ಸಂಜೆ ಬಿಸಿಲು ಹೋದ ಮೇಲೆ ಹೊಸದು ಹುಟ್ಟುವುದಿಲ್ಲ. ಮೇಲಾಗಿ ಟ್ರಾಫಿಕ್‌ನಿಂದ ಬರುವ ನೈಟ್ರಿಕ್ ಆಕ್ಸೈಡ್ ಇದ್ದ ಓಝೋನ್ ಅನ್ನೂ ತಿಂದು ಹಾಕುತ್ತದೆ. ನಿಮ್ಮ ಸಂಜೆಯ ಪ್ರಯೋಗ ಸಪ್ಪೆಯಾಗಿದ್ದು ಇದಕ್ಕೇ.

ಇದು ನನ್ನ ಊಹೆಯಲ್ಲ. 1999ರಲ್ಲೇ ಅಮೆರಿಕದಲ್ಲಿ ಅಕ್ಕಪಕ್ಕದ ಎರಡು ಕಚೇರಿ ಕೋಣೆಗಳಲ್ಲಿ ಇದನ್ನು ನೋಡಿದ್ದಾರೆ. ಲಿಮೋನೀನ್ ಇಟ್ಟ ಕೋಣೆಯಲ್ಲಿ ಓಝೋನ್ ಇದ್ದಾಗ ಸಣ್ಣ ಕಣ ಸಿಕ್ಕಾಪಟ್ಟೆ ಏರಿತು. ಪಕ್ಕದ ಕೋಣೆಯಲ್ಲಿ ಹಾಗಾಗಲಿಲ್ಲ.

ಈಗ ಮೀಟರ್ ವಿಷಯ. ಸೋಲ್ಡರ್ ಕೈ ಹೇಳಿದ್ದು ಸರಿ, ಆದರೆ ಅದು ಅರ್ಧ ಕಥೆ. ಇಂಥ ಲೇಸರ್ ಮೀಟರ್‌ಗೆ ಸುಮಾರು 300 ನ್ಯಾನೋಮೀಟರ್‌ಗಿಂತ ಸಣ್ಣ ಕಣ ಕಾಣುವುದೇ ಇಲ್ಲ. ಸಾವಿರ ನ್ಯಾನೋಮೀಟರ್ ಸೇರಿದರೆ ಒಂದು ಮೈಕ್ರಾನ್, ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್. ಹೊಸದಾಗಿ ಹುಟ್ಟಿದ ಕಣ ಒಂದೆರಡು ನ್ಯಾನೋಮೀಟರ್. ಹಾಗಾದರೆ ನಿಮ್ಮ ಮೀಟರ್ ಕಂಡದ್ದೇನು? ರಸ್ತೆಯಿಂದ ಬಂದು ಹಾಲ್‌ನಲ್ಲಿ ಮೊದಲೇ ತೇಲುತ್ತಿದ್ದ ಸಣ್ಣ ಕಣಗಳ ಮೇಲೆ ಆ ಭಾರದ ಅಣುಗಳು ಹೋಗಿ ಕೂತವು. ಕಣ ದಪ್ಪಗಾಯಿತು. 300ರ ಗೆರೆ ಕೆಳಗಿದ್ದವು ಗೆರೆ ದಾಟಿದವು. ಮೀಟರ್‌ಗೆ ಆಗ ಕಣ್ಣು ಬಂತು. 20 ಅಂಕಿ ಏರಿದ್ದರಲ್ಲಿ ಎಲ್ಲವೂ ನಿಜವಾದ ತೂಕ ಅಂತ ನಾನು ಹೇಳುವುದಿಲ್ಲ. ಆದರೆ ಏನೋ ಹುಟ್ಟಿತು, ಏನೋ ಬೆಳೆಯಿತು ಅನ್ನುವುದು ನಿಜ.

ನಿಮ್ಮ ಹಾಲ್‌ನಲ್ಲಿ ಆದದ್ದೇ ಊರ ಮೇಲೂ ದಿನಾ ಆಗುತ್ತದೆ. ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ, ಕಾಫಿ ತಂದುಕೊಳ್ಳಿ.

ಗಾಳಿಯಲ್ಲಿ ನೂರಕ್ಕೆ 78 ಪಾಲು ನೈಟ್ರೋಜನ್, 21 ಪಾಲು ಆಮ್ಲಜನಕ, ಉಳಿದದ್ದರಲ್ಲಿ ಹೆಚ್ಚು ಆರ್ಗಾನ್. ಕಣ ಹುಟ್ಟಿಸುವ ವಿಷಯದಲ್ಲಿ ನೈಟ್ರೋಜನ್, ಆರ್ಗಾನ್ ಸುಮ್ನೆ ನಿಂತು ನೋಡುತ್ತವೆ. ಕೆಲಸ ಮಾಡುವುದೆಲ್ಲ ಲೆಕ್ಕಕ್ಕೇ ಸಿಗದಷ್ಟು ಕಡಿಮೆ ಇರುವ ಅನಿಲಗಳು. ಅದರಲ್ಲಿ ಮೊದಲನೆಯದು ಸಲ್ಫರ್ ಡೈಆಕ್ಸೈಡ್. ಕಲ್ಲಿದ್ದಲು, ಡೀಸೆಲ್, ಫರ್ನೇಸ್ ಆಯಿಲ್ ಸುಟ್ಟಾಗ ಬರುವುದು. ಬಿಸಿಲಿನ ಅತಿನೇರಳೆ ಕಿರಣ ಓಝೋನ್ ಅನ್ನು ಒಡೆದಾಗ, ಅದರಿಂದ ಬಂದ ಆಮ್ಲಜನಕ ಪರಮಾಣು ನೀರಾವಿಗೆ ತಾಗಿ ಹೈಡ್ರಾಕ್ಸಿಲ್ ಅನ್ನುವ ಒಂದು ತುಂಡು ಹುಟ್ಟುತ್ತದೆ. ಅದರ ಆಯಸ್ಸು ಒಂದು ಸೆಕೆಂಡೂ ಇಲ್ಲ. ಆದರೆ ಸಿಕ್ಕಿದ್ದನ್ನೆಲ್ಲ ಸುಡುತ್ತದೆ. ಸಲ್ಫರ್ ಡೈಆಕ್ಸೈಡ್ ಅದರ ಕೈಗೆ ಸಿಕ್ಕರೆ ಮುಂದೆ ಎರಡು ಹೆಜ್ಜೆಯಲ್ಲಿ ಸಲ್ಫ್ಯೂರಿಕ್ ಆಮ್ಲದ ಆವಿ.

ಆ ಆವಿ ಎಷ್ಟಿರುತ್ತದೆ ಗೊತ್ತಾ? ನಡು ಹಗಲಲ್ಲಿ ಒಂದು ಘನ ಸೆಂಟಿಮೀಟರ್ ಗಾಳಿಗೆ ಹತ್ತು ಲಕ್ಷದಿಂದ ಒಂದು ಕೋಟಿ ಅಣು. ಜಾಸ್ತಿ ಅನ್ನಿಸುತ್ತದೆ ಅಲ್ವಾ? ಅದೇ ಒಂದು ಘನ ಸೆಂಟಿಮೀಟರ್‌ನಲ್ಲಿ ಗಾಳಿಯ ಒಟ್ಟು ಅಣುಗಳು ಸುಮಾರು ಎರಡೂವರೆ ಲಕ್ಷ ಕೋಟಿ ಕೋಟಿ. ಅಂದರೆ ಆಮ್ಲ ಜಾಸ್ತಿ ಇರುವ ಹೊತ್ತಿನಲ್ಲೂ ಎರಡೂವರೆ ಲಕ್ಷ ಕೋಟಿ ಅಣುಗಳಿಗೆ ಒಂದೇ ಒಂದು. ಇಷ್ಟು ಸಾಕು, ಯಾಕೆಂದರೆ ಸಲ್ಫ್ಯೂರಿಕ್ ಆಮ್ಲ ಅನಿಲವಾಗಿರಲು ಒಪ್ಪುವುದೇ ಇಲ್ಲ. ಎರಡು ಅಣು ಡಿಕ್ಕಿ ಹೊಡೆದರೆ ಅಂಟಿಕೊಳ್ಳುತ್ತವೆ.

ಅಂಟಿಕೊಂಡ ಮೇಲೂ ಕಷ್ಟ ಇದೆ. ತೀರಾ ಸಣ್ಣ ಹನಿಯ ಮೈ ತುಂಬಾ ಬಾಗಿರುತ್ತದೆ, ಹೊರಗಿನ ಅಣುಗಳನ್ನು ಹಿಡಿದುಕೊಳ್ಳಲು ಒಳಗೆ ಸಾಕಷ್ಟು ನೆಂಟರಿಲ್ಲ. ಹಾಗಾಗಿ ಬೇಗ ಆವಿಯಾಗಿ ಚದುರಿ ಹೋಗುತ್ತದೆ. ಇಲ್ಲಿ ಅಮೋನಿಯ ಬಂದು ಕಾಪಾಡುತ್ತದೆ. ಆಮ್ಲ, ಕ್ಷಾರ ಸೇರಿದರೆ ಉಪ್ಪು. ಉಪ್ಪು ಸುಲಭವಾಗಿ ಆವಿಯಾಗದು. ಜಿನೀವಾದ ಸರ್ನ್‌ನಲ್ಲಿ (ದೊಡ್ಡ ಭೌತಶಾಸ್ತ್ರ ಸಂಶೋಧನಾ ಕೇಂದ್ರ) ಕ್ಲೌಡ್ ಅಂತ ಒಂದು ಪ್ರಯೋಗ ಇದೆ. 26 ಘನ ಮೀಟರ್‌ನ ಸ್ಟೀಲ್ ಪಾತ್ರೆ, ಅದರೊಳಗೆ ಅತಿ ಶುದ್ಧ ಗಾಳಿ, ಅದಕ್ಕೆ ಅಳೆದು ಅಳೆದು ಒಂದೊಂದೇ ಅನಿಲ ಬಿಡುವುದು. 2011ರಲ್ಲಿ ಅವರು ತೋರಿಸಿದ್ದು ಇದು: ಲಕ್ಷ ಕೋಟಿಗೆ 100 ಅಣು ಅಮೋನಿಯ ಇದ್ದರೂ ಸಾಕು, ಕಣ ಹುಟ್ಟುವ ವೇಗ 100ರಿಂದ 1,000 ಪಟ್ಟು ಏರುತ್ತದೆ. 2013ರಲ್ಲಿ ಅಮೀನ್ ಹಾಕಿ ನೋಡಿದರು. ಮೀನು ಕೆಟ್ಟಾಗ ಮೂಗಿಗೆ ಹೊಡೆಯುತ್ತದಲ್ಲ, ಆ ಜಾತಿ. ಲಕ್ಷ ಕೋಟಿಗೆ ಮೂರು ಅಣು ಮೀರಿದರೆ ಅಮೋನಿಯಕ್ಕಿಂತಲೂ ಸಾವಿರ ಪಟ್ಟು ಜೋರು. ಕಿಟಕಿ ತೆರೆದರೆ ನಿಮಗೆ ಕೊಳಚೆ ಹರಿಯುವ ವೃಷಭಾವತಿ ನದಿಯ ವಾಸನೆ ಬರುತ್ತದಲ್ಲ? ಕೊಳಚೆ ಕೊಳೆತಾಗ ಅಮೋನಿಯ ಬರುತ್ತದೆ, ಅಮೀನ್ ಬರುತ್ತದೆ, ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಬರುತ್ತದೆ. ಆ ಕೊನೆಯದು ಗಾಳಿಯಲ್ಲಿ ಸಲ್ಫರ್ ಡೈಆಕ್ಸೈಡ್ ಆಗುತ್ತದೆ. ನಮ್ಮೂರ ರಾಜಕಾಲುವೆಗಳನ್ನು ನೀರಿನ ಸಮಸ್ಯೆ ಅಂತ ಮಾತ್ರ ನೋಡುವುದು ನನಗೆ ಹಿಡಿಸದ ವಿಷಯ.

ಹುಟ್ಟಿದ ಕಣ ಗಂಟೆಗೆ ಕೆಲವೇ ನ್ಯಾನೋಮೀಟರ್ ಬೆಳೆಯುತ್ತದೆ. ನಾನು ಸ್ಕ್ರೀನ್ ಮುಂದೆ ಕೂತು ನೋಡುತ್ತಿದ್ದದ್ದು ಇದನ್ನೇ. ಗ್ರಾಫ್‌ನಲ್ಲಿ ಅಡ್ಡಕ್ಕೆ ಹೊತ್ತು, ಮೇಲಕ್ಕೆ ಕಣದ ಅಳತೆ, ಕಣ ಜಾಸ್ತಿ ಇದ್ದಲ್ಲಿ ಕೆಂಪು. ಬೆಳಿಗ್ಗೆ ಮಂಜು ಹರಿದು ಬಿಸಿಲು ಚುರುಗುಟ್ಟಲು ಶುರುವಾದಾಗ ಸಣ್ಣ ಅಳತೆಯಲ್ಲಿ ಒಂದು ಕೆಂಪು ಮಚ್ಚೆ ಏಳುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದು ಮೇಲೆ ಬಾಗಿಕೊಂಡು ದಪ್ಪ ಅಳತೆ ಕಡೆ ಹೋಗುತ್ತದೆ. ಆಕಾರ ಥೇಟ್ ಬಾಳೆಹಣ್ಣು. ಪ್ರಪಂಚದಲ್ಲೆಲ್ಲ ಆ ಕ್ಷೇತ್ರದವರು ಅದಕ್ಕೆ ಬನಾನಾ ಅಂತಲೇ ಕರೆಯುತ್ತಾರೆ. ಲ್ಯಾಬ್‌ನಲ್ಲಿ ಹುಡುಗರು "ಮೇಡಂ, ಇವತ್ತು ಏಲಕ್ಕಿ ಬಾಳೆ, ನಿನ್ನೆ ಪಚ್ಚಬಾಳೆ" ಅಂತ ಹೇಳಿಕೊಂಡು ಓಡಿ ಬರುತ್ತಿದ್ದರು.

ಅಷ್ಟು ಸಣ್ಣದನ್ನು ಎಣಿಸುವುದು ಹೇಗೆ ಅಂತ ನೀವು ಕೇಳುವ ಮೊದಲೇ ಹೇಳುತ್ತೇನೆ, ನನ್ನ ಪ್ರೀತಿಯ ವಿಷಯ. ಒಂದೆರಡು ನ್ಯಾನೋಮೀಟರ್ ಕಣಕ್ಕೆ ಬೆಳಕು ಹಾಕಿದರೆ ಏನೂ ಕಾಣದು. ಹಾಗಾಗಿ ಮೊದಲು ಅದನ್ನು ದಪ್ಪ ಮಾಡುತ್ತೇವೆ. ಗಾಳಿಯನ್ನು ಬೆಚ್ಚಗಿನ ಬ್ಯೂಟನಾಲ್ ಆವಿ ಮೂಲಕ ಹಾಯಿಸಿ ಥಟ್ಟನೆ ತಣ್ಣಗೆ ಮಾಡಿದರೆ ಆವಿ ಕಣದ ಮೇಲೆ ಹನಿಯಾಗಿ ಕೂರುತ್ತದೆ. ಹನಿ ಮೈಕ್ರಾನ್ ಗಾತ್ರಕ್ಕೆ ಬಂದ ಮೇಲೆ ಲೇಸರ್ ಮುಂದೆ ಒಂದೊಂದಾಗಿ ಹಾದು ಹೋಗುತ್ತದೆ, ಎಣಿಸಬಹುದು. ಈ ಉಪಾಯ ಹಳೆಯದು. ಸ್ಕಾಟ್ಲೆಂಡಿನ ಜಾನ್ ಏಟ್ಕನ್ 1880ರ ದಶಕದಲ್ಲೇ ನೀರಾವಿ ಇಟ್ಟುಕೊಂಡು ಇದನ್ನು ಮಾಡಿದ್ದ. ಒಂದು ಡಬ್ಬಿ, ಒಂದು ಕೈಪಂಪು, ಗೆರೆ ಹಾಕಿದ ಬೆಳ್ಳಿ ತಟ್ಟೆ. ಪಂಪ್ ಎಳೆದರೆ ಡಬ್ಬಿಯಲ್ಲಿ ಮಂಜು, ಮಂಜಿನ ಹನಿ ತಟ್ಟೆ ಮೇಲೆ ಬೀಳುತ್ತದೆ, ಭೂತಕನ್ನಡಿ ಹಿಡಿದು ಎಣಿಸುವುದು. ವಿದ್ಯುತ್ ಇಲ್ಲ, ಲೇಸರ್ ಇಲ್ಲ. ಲಕ್ಷಗಟ್ಟಲೆ ಬೆಲೆಯ ಯಂತ್ರ ಕೈ ಕೊಟ್ಟಾಗಲೆಲ್ಲ ನನಗೆ ಆ ಮಹಾನುಭಾವನ ನೆನಪಾಗುತ್ತಿತ್ತು.

ಒಂದು ವಿಚಿತ್ರ ಹೇಳಿ ನಿಲ್ಲಿಸುತ್ತೇನೆ. ಕಣ ಜಾಸ್ತಿ ಹುಟ್ಟುವುದು ಕೊಳಕು ಗಾಳಿಯಲ್ಲಿ ಅಂದುಕೊಳ್ಳುತ್ತೀರಿ. ಎಷ್ಟೋ ಸಲ ತಿರುಗುಮುರುಗು. ಗಾಳಿಯಲ್ಲಿ ಹಳೇ ಕಣ ತುಂಬಿದ್ದರೆ ಆವಿಯೆಲ್ಲ ಅವುಗಳ ಮೇಲೇ ಕೂತು ಮುಗಿಯುತ್ತದೆ. ಹೇಗೋ ಹುಟ್ಟಿದ ಮರಿಗಳೂ ಸಂತೆಯಲ್ಲಿ ಕೈ ತಪ್ಪಿದ ಮಕ್ಕಳ ಥರ ದೊಡ್ಡವರ ನಡುವೆ ಮಾಯವಾಗುತ್ತವೆ. ರಾತ್ರಿ ಚೆನ್ನಾಗಿ ಮಳೆ ಹೊಡೆದು ಗಾಳಿ ತೊಳೆದು, ಮರುದಿನ ಚುರುಕು ಬಿಸಿಲು ಬಂತು ಅನ್ನಿ. ನೀವು "ಆಹಾ ಬೆಂಗಳೂರು" ಅಂತ ಫೋಟೋ ಹಾಕುತ್ತೀರಿ. ಅಂಥ ದಿನಗಳಲ್ಲೇ ನನ್ನ ಯಂತ್ರದ ಅಂಕಿ ಗಗನಕ್ಕೆ ಹೋಗುತ್ತಿತ್ತು. ಪಿಎಂ 2.5 ಮೀಟರ್ ಮಾತ್ರ ತಣ್ಣಗಿರುತ್ತದೆ, ಯಾಕೆಂದರೆ ಅದು ತೂಕದ ಲೆಕ್ಕ. 2.5 ಮೈಕ್ರಾನ್‌ನ ಒಂದೇ ಒಂದು ಕಣದ ತೂಕಕ್ಕೆ 100 ನ್ಯಾನೋಮೀಟರ್ ಕಣಗಳು 15,000ಕ್ಕಿಂತ ಜಾಸ್ತಿ ಬೇಕು.

ಸೋಲ್ಡರ್ ಕೈ:

ಅಜ್ಜಿ, ನಮಸ್ಕಾರ. ಸಂಜೆ ಪರೀಕ್ಷೆ ಹೇಳಿದ್ದು ನಾನೇ, ಕಾರಣ ಹೇಳಿದ್ದು ನೀವು. ಒಂದು ಮಾತು ಸೇರಿಸುತ್ತೇನೆ. ಚಳಿಗಾಲದ ಬೆಳಿಗ್ಗೆ ಗಾಳಿಯ ತೇವ ಶೇಕಡ 90 ದಾಟಿದಾಗ ಈ ಮೀಟರ್‌ಗಳ ಅಂಕಿ ನಂಬಬೇಡಿ. ಆಗ ನಾನು ಹೇಳಿದ್ದೇ ನಡೆಯುತ್ತಿರುತ್ತದೆ.

ಲಾಲ್‌ಬಾಗ್ ವಾಕರ್:

ಬ್ಯೂಟನಾಲ್ ಅಜ್ಜಿಯವರೇ, ಮರಗಳ ಆವಿ ಅಂತ ನಡುವೆ ಒಂದು ಮಾತು ತೂರಿಸಿದಿರಿ. ಲಿಮೋನೀನ್ ಕುಟುಂಬ ಮರದಲ್ಲೂ ಇದೆ ಅಂದರೆ ಮರಗಳೇ ಗಾಳಿ ಕೆಡಿಸುತ್ತವೆ ಅಂತಾಯಿತಲ್ಲ? ದಿನಾ ಬೆಳಿಗ್ಗೆ ಲಾಲ್‌ಬಾಗ್‌ಗೆ ಹೋಗಿ ಉಸಿರೆಳೆಯುವವನು ನಾನು. ರಸ್ತೆ ಅಗಲ ಮಾಡುವವರಿಗೆ ಈ ಮಾತು ಸಿಕ್ಕರೆ ಕೊಡಲಿ ಹಿಡಿದು ಬರುತ್ತಾರೆ!

ಬ್ಯೂಟನಾಲ್ ಅಜ್ಜಿ:

ಅವರಿಗೆ ಕಾರಣ ಬೇಕಾಗಿಲ್ಲ ಬಿಡಿ, ಕೊಡಲಿ ಸಾಕು.

ಮರ ಆವಿ ಬಿಡುವುದು ನಿಜ. ಪೈನ್ ಜಾತಿಯ ಮರಗಳು ಪೈನೀನ್ ಬಿಡುತ್ತವೆ. ನಮ್ಮೂರ ಸುತ್ತ ಸಾಲು ಸಾಲು ನೆಟ್ಟ ನೀಲಗಿರಿ ಐಸೋಪ್ರೀನ್ ಬಿಡುತ್ತದೆ. ದೂರದ ಕಾಡು ಬೆಟ್ಟದ ಮೇಲೆ ಬೇಸಿಗೆಯಲ್ಲಿ ತೆಳು ನೀಲಿ ಮಬ್ಬು ಕಾಣುತ್ತದಲ್ಲ, ಅದು ಗಿಡಗಳ ಆವಿಯಿಂದ ಆದ ಕಣ ಅಂತ 1960ರಲ್ಲೇ ಫ್ರಿಟ್ಸ್ ವೆಂಟ್ ಅನ್ನುವ ಸಸ್ಯ ವಿಜ್ಞಾನಿ ವಾದಿಸಿದ್ದರು. ಬೆಳಕಿನ ಅಲೆಗಿಂತ ತುಂಬಾ ಸಣ್ಣ ಕಣ ನೀಲಿಯನ್ನು ಜಾಸ್ತಿ ಚದುರಿಸುತ್ತದೆ, ಹಾಗಾಗಿ ನೀಲಿ. 2016ರಲ್ಲಿ ಅದೇ ಸರ್ನ್‌ನವರು ಇನ್ನೊಂದು ತೋರಿಸಿದರು. ಸಲ್ಫ್ಯೂರಿಕ್ ಆಮ್ಲ ಇಲ್ಲದೆಯೂ ಮರದ ಆವಿಯಿಂದಲೇ ಹೊಸ ಕಣ ಹುಟ್ಟಬಹುದು. ಕಾರ್ಖಾನೆಗಳು ಬರುವ ಮುಂಚೆ ಪ್ರಪಂಚದ ಮೇಲೆ ಮೋಡ ಹೇಗೆ ಕಟ್ಟುತ್ತಿತ್ತು ಅನ್ನುವ ಪ್ರಶ್ನೆಗೆ ಇದು ದೊಡ್ಡ ಸುಳಿವು. ಮೋಡದ ಹನಿಗೆ ಕೂರಲು ಸುಮಾರು 50ರಿಂದ 100 ನ್ಯಾನೋಮೀಟರ್ ಕಣ ಬೇಕೇ ಬೇಕು.

ಆದರೆ ಕಾಡಿನ ಮಬ್ಬು ಬೇರೆ, ಸಿಲ್ಕ್ ಬೋರ್ಡ್ ಜಂಕ್ಷನ್‌ನ ಟ್ರಾಫಿಕ್ ಮಬ್ಬು ಬೇರೆ. ಮರ ಬಿಟ್ಟ ಆವಿ ಕಣವಾಗಬೇಕಾದರೆ ಓಝೋನ್ ಇಲ್ಲವೇ ಹೈಡ್ರಾಕ್ಸಿಲ್ ಬೇಕು. ಊರಲ್ಲಿ ಓಝೋನ್ ಜಾಸ್ತಿಯಾಗಲು ಕಾರಣ ನೈಟ್ರೋಜನ್ ಆಕ್ಸೈಡ್. ಅದನ್ನು ಬಿಡುವುದು ಸಂಪಿಗೆ ಮರ ಅಲ್ಲ, ಅದರ ಕೆಳಗೆ ಇಂಜಿನ್ ಆಫ್ ಮಾಡದೆ ನಿಂತ ಗಾಡಿ. ಮರದ ನೆರಳಿನಿಂದ ಊರು ತಂಪಾಗುವುದು, ಎಲೆ ಮೇಲೆ ಧೂಳು ಕೂರುವುದು, ಇವನ್ನೂ ಲೆಕ್ಕ ಹಾಕಬೇಕು. ನೀವು ಆರಾಮವಾಗಿ ವಾಕಿಂಗ್ ಮಾಡಿ. ಬೆಳಿಗ್ಗೆ ಆರಕ್ಕೆ ಓಝೋನ್ ಕಡಿಮೆ ಇರುತ್ತದೆ.

ಪೀಣ್ಯ ಎರಡನೇ ಹಂತ:

ನಮ್ಮ ಕಡೆ ರಸ್ತೆಗೆ ಟ್ಯಾಂಕರ್‌ನಲ್ಲಿ ನೀರು ಹೊಡೆಯುತ್ತಾರೆ, ಗುಡಿಸುವ ಯಂತ್ರ ಓಡಿಸುತ್ತಾರೆ. ಅದೇ ಬೀದಿ ಕೊನೆಯಲ್ಲಿ ರಾತ್ರಿ ಹೊತ್ತು ಕಸಕ್ಕೆ ಬೆಂಕಿ ಹಾಕುತ್ತಾರೆ. ಎಷ್ಟು ಸಲ ಹೇಳಿದರೂ ಅಷ್ಟೇ. ಅಜ್ಜಿ ಹೇಳೋದು ನೋಡಿದರೆ ನೀರು ಹೊಡೆಯೋದು ವ್ಯರ್ಥ ಅಂತಾಯಿತಾ?

ಬ್ಯೂಟನಾಲ್ ಅಜ್ಜಿ:

ವ್ಯರ್ಥ ಅಲ್ಲ, ಅದು ಬೇರೆ ಕಾಯಿಲೆಯ ಮದ್ದು. ರಸ್ತೆ ಧೂಳು ದಪ್ಪ ಕಣ. ಅದರಲ್ಲಿ ಹೆಚ್ಚಿನದು ಮೂಗು, ಗಂಟಲಲ್ಲೇ ನಿಲ್ಲುತ್ತದೆ. ನೀರು ಹೊಡೆದರೆ ಅದು ಕೂರುತ್ತದೆ. ಅನಿಲದಿಂದ ಹುಟ್ಟುವ ಕಣಕ್ಕೆ ಟ್ಯಾಂಕರ್ ಏನೂ ಮಾಡಲಾರದು, ಯಾಕೆಂದರೆ ಅದು ರಸ್ತೆಯಲ್ಲಿ ಬಿದ್ದಿರುವುದಿಲ್ಲ. ಅದನ್ನು ತಡೆಯಬೇಕಾದರೆ ಅನಿಲವನ್ನೇ ತಡೆಯಬೇಕು. ಆಗಿರುವ ಒಳ್ಳೆಯ ಕೆಲಸವನ್ನೂ ಹೇಳಬೇಕು. 2020ರ ಏಪ್ರಿಲ್‌ನಲ್ಲಿ ಬಿಎಸ್ 6 (ವಾಹನದ ಹೊಗೆಗೆ ಹಾಕಿದ ಹೊಸ ಮಿತಿ) ಇಂಧನ ಬಂದಾಗ ಪೆಟ್ರೋಲ್, ಡೀಸೆಲ್‌ನ ಗಂಧಕ ಹತ್ತು ಲಕ್ಷಕ್ಕೆ 50 ಇದ್ದದ್ದು 10ಕ್ಕೆ ಇಳಿಯಿತು. ಸದ್ದಿಲ್ಲದೆ ಆದ ಕೆಲಸ, ಯಾರೂ ರಿಬ್ಬನ್ ಕತ್ತರಿಸಲಿಲ್ಲ.

ನಿಮ್ಮ ಬೀದಿಯ ಕಸದ ಬೆಂಕಿ ರಸ್ತೆ ಧೂಳಿಗಿಂತ ಕೆಟ್ಟದ್ದು. ಹೊಗೆಯಂತೂ ಇದ್ದೇ ಇದೆ. ಅದರ ಜೊತೆ ಪಿವಿಸಿ ಪೈಪು, ವೈರು ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ಅದು ಅಮೋನಿಯ ಜೊತೆ ಸೇರಿದರೆ ಅಮೋನಿಯಂ ಕ್ಲೋರೈಡ್, ಅಂದರೆ ನವಸಾಗರ. ಈ ಉಪ್ಪು ನೀರು ಹೀರಿ ಊದುತ್ತದೆ. ದೆಹಲಿಯ ಚಳಿಗಾಲದ ಮಬ್ಬಿನಲ್ಲಿ ಕ್ಲೋರೈಡ್ ಪಾಲು ಎಷ್ಟು ದೊಡ್ಡದು ಅಂತ ಐಐಟಿ ಮದ್ರಾಸ್‌ನವರು 2021ರಲ್ಲಿ ತೋರಿಸಿದ್ದಾರೆ. ತಂಪು, ತೇವ ಎರಡೂ ಇದ್ದರೆ ಅನಿಲ ಉಪ್ಪಾಗುತ್ತದೆ. ಬಿಸಿಲೇರಿದರೆ ಅದೇ ಉಪ್ಪು ತಿರುಗಿ ಅನಿಲವಾಗುತ್ತದೆ. ಅಮೋನಿಯಂ ನೈಟ್ರೇಟ್ ಕೂಡ ಹಾಗೇ. ರಾತ್ರಿ ಹೊತ್ತು ಗಾಳಿಯ ಪದರ ನೆಲಕ್ಕೆ ಕವಿದುಕೊಂಡಿರುತ್ತದೆ, ಹಾಗಾಗಿ ಹತ್ತು ಗಂಟೆಗೆ ಹಾಕಿದ ಬೆಂಕಿಯ ಅನಿಲ ಬೆಳಿಗ್ಗೆವರೆಗೂ ನಿಮ್ಮ ಬೀದಿಯಲ್ಲೇ ಇರುತ್ತದೆ. ದೂರು ಕೊಡುವಾಗ "ಹೊಗೆ" ಅಂತ ಮಾತ್ರ ಬರೆಯಬೇಡಿ, ಪ್ಲಾಸ್ಟಿಕ್ ಸುಡುತ್ತಿದ್ದಾರೆ ಅಂತ ಫೋಟೋ ಸಮೇತ ಬರೆಯಿರಿ.

ಮೂರನೇ ಮಹಡಿ:

ಅಜ್ಜಿ, ತುಂಬಾ ಥ್ಯಾಂಕ್ಸ್. ಅಪ್ಪನಿಗೂ ಓದಿ ಹೇಳಿದೆ. ಅವರು ಕೇಳಿದ್ದು ಒಂದೇ: "ಈಗ ಒರೆಸೋದಾ ಬೇಡವಾ?" ಕೆಲಸದ ಅಕ್ಕನಿಗೆ ಎರಡು ಗಂಟೆ ಬಿಟ್ಟರೆ ಬೇರೆ ಹೊತ್ತು ಆಗುವುದಿಲ್ಲ. ಮತ್ತೆ ನನ್ನ ಭಾವ ಒಂದು ಯಂತ್ರ ಕೊಡುತ್ತೇನೆ ಅಂದಿದ್ದಾರೆ, ಓಝೋನ್ ಬಿಟ್ಟು ಗಾಳಿ ತಾಜಾ ಮಾಡುತ್ತದಂತೆ. ತಗೊಳ್ಳಲಾ?

ಬ್ಯೂಟನಾಲ್ ಅಜ್ಜಿ:

ಭಾವನಿಗೆ ಕೈ ಮುಗಿದು ಬೇಡ ಅನ್ನಿ! ವೀಸಿಂಗ್ ಇರುವವರ ಮನೆಗೆ ಓಝೋನ್ ಯಂತ್ರ ತರಲೇಬಾರದು. ಓಝೋನ್ ತಾನೇ ಶ್ವಾಸನಾಳ ಕೆರಳಿಸುತ್ತದೆ. ಮೇಲೆ ನಿಮ್ಮ ಹಾಲ್‌ನಲ್ಲಿ ನಡೆಯುತ್ತಿರುವ ಕಾರ್ಖಾನೆಗೆ ಇನ್ನಷ್ಟು ಕಚ್ಚಾ ಮಾಲು ಸಿಕ್ಕ ಹಾಗೆ ಆಗುತ್ತದೆ. ಹಣ ಖರ್ಚು ಮಾಡಲೇಬೇಕು ಅಂತಿದ್ದರೆ ಹೆಪಾ ಫಿಲ್ಟರ್ ಇರುವ ಪ್ಯೂರಿಫೈಯರ್ ತಗೊಳ್ಳಿ. ಅಯೋನೈಸರ್ ಬಟನ್ ಇದ್ದರೆ ಆಫ್ ಮಾಡಿಡಿ, ಅದೂ ಓಝೋನ್ ಬಿಡಬಹುದು. ಹೆಪಾ ಕಣ ಹಿಡಿಯುತ್ತದೆ, ಅನಿಲ ಹಿಡಿಯದು. ಅದಕ್ಕೆ ಇದ್ದಿಲಿನ ಪದರ ಬೇರೆ ಇರಬೇಕು, ಆ ಪದರ ತೆಳು ಹಾಳೆಯಾಗಿದ್ದರೆ ಬೇಗ ತುಂಬಿ ಹೋಗುತ್ತದೆ.

ಒರೆಸುವುದು ಬಿಡಬೇಡಿ. ಧೂಳು ಅಪ್ಪನಿಗೆ ಒಳ್ಳೆಯದಲ್ಲ. ಎರಡು ಗಂಟೆಗೇ ಒರೆಸಲಿ, ಆದರೆ ಬರೀ ನೀರಲ್ಲಿ. ಎಣ್ಣೆ ಜಿಡ್ಡು ಇರುವ ಅಡುಗೆಮನೆಗೆ ವಾಸನೆ ಇಲ್ಲದ ಸೋಪಿನ ನೀರು ಸಾಕು. ಬಚ್ಚಲಿಗೆ ಫಿನಾಯಿಲ್ ಹಾಕಲೇಬೇಕು ಅಂದರೆ ರಾತ್ರಿ ಹಾಕಿ, ಎಕ್ಸಾಸ್ಟ್ ಫ್ಯಾನ್ ಹಾಕಿ. ನನ್ನ ಸೊಸೆ ಕೂಡ ಮೊದಲು "ವಾಸನೆ ಬರದಿದ್ದರೆ ಕ್ಲೀನ್ ಆದ ಹಾಗೇ ಅನ್ನಿಸಲ್ಲ ಅತ್ತೆ" ಅನ್ನುತ್ತಿದ್ದಳು. ಈಗ ಅಭ್ಯಾಸವಾಗಿದೆ.

ಊದುಬತ್ತಿ ವಿಷಯ ನಾನು ಎತ್ತುವುದಿಲ್ಲ, ಅದು ನಿಮ್ಮ ಮನೆಯ ವಿಷಯ. ಆದರೆ ನಿಮ್ಮ ಮೀಟರ್ ಆಗಲೇ ಹೇಳಿದೆ.

ಮೂರನೇ ಮಹಡಿ:

ಸರಿ ಅಜ್ಜಿ. ಊದುಬತ್ತಿ ಬಾಲ್ಕನಿಗೆ ಹೋಯಿತು. ಕೊನೆಯದೊಂದು ಅಮ್ಮನ ಪ್ರಶ್ನೆ: ಬಟ್ಟೆ ಬೀರುವಿನಲ್ಲಿ ಇಟ್ಟಿರುವ ಕರ್ಪೂರ, ಅಪ್ಪ ಎದೆಗೆ ಹಚ್ಚಿಕೊಳ್ಳುವ ನೀಲಗಿರಿ ಎಣ್ಣೆ, ಇವೂ ಜೋರಾಗಿ ವಾಸನೆ ಬರುತ್ತವಲ್ಲ, ಇವೂ ಹಾಗೇನಾ?

ಬ್ಯೂಟನಾಲ್ ಅಜ್ಜಿ:

ಅಮ್ಮನ ಪ್ರಶ್ನೆ ಭಾಳ ಚೆನ್ನಾಗಿದೆ. ವಾಸನೆ ಜೋರಾಗಿದ್ದರೆ ಸಾಲದು, ಜೋಡಿ ಬಂಧ ಇರಬೇಕು. ಕರ್ಪೂರದಲ್ಲಿ ಕಾರ್ಬನ್ ಜೋಡಿ ಬಂಧ ಇಲ್ಲ. ನೀಲಗಿರಿ ಎಣ್ಣೆಯಲ್ಲಿ ಹೆಚ್ಚಿರುವ ಸಿನಿಯೋಲ್‌ನಲ್ಲೂ ಇಲ್ಲ. ಓಝೋನ್ ಅವುಗಳ ತಂಟೆಗೆ ಹೋಗುವುದಿಲ್ಲ. ನೀಲಗಿರಿ ಎಣ್ಣೆಯಲ್ಲಿ ಸ್ವಲ್ಪ ಲಿಮೋನೀನ್ ಇರುತ್ತದೆ, ಎದೆಗೆ ಹಚ್ಚುವಷ್ಟಕ್ಕೆ ಅದೇನು ದೊಡ್ಡದಲ್ಲ. ಆದರೆ ವೀಸಿಂಗ್ ಇರುವವರಿಗೆ ಘಾಟಿನಿಂದಲೇ ಕೆಮ್ಮು ಬರಬಹುದು, ಅದನ್ನು ಡಾಕ್ಟರ ಹತ್ತಿರ ಕೇಳಿ. ಸೊಳ್ಳೆಗೆ ಅಂತ ಸಿಟ್ರೊನೆಲ್ಲಾ ಎಣ್ಣೆ ಬಳಸುತ್ತಿದ್ದರೆ ಅದು ಮಾತ್ರ ನಿಂಬೆ ಕಡೆಯ ನೆಂಟ, ಮಧ್ಯಾಹ್ನ ಬೇಡ. ಕರ್ಪೂರ ಬೀರುವಿನಲ್ಲಿ ಹಾಯಾಗಿರಲಿ. ಆರತಿಗೆ ಹಚ್ಚಿದರೆ ಮಸಿ ಬರುತ್ತದೆ, ಅದು ಬೇರೆ ಲೆಕ್ಕ.